ಅವರ ಕಡತ, ನಮ್ಮ ಪುಸ್ತಕ

(ರೋಣ, ನರಗುಂದ, ಗಜೇಂದ್ರಗಡ ಭಾಗದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಈಗ ಚಹಾ ಕುಡಿಯುವಾಗ ಒಬ್ಬ ತಂಗಿ ಕೇಳಿದಳು: “ಮೇಡಂ, ವರದಕ್ಷಿಣಿ ಜಗಳದ ಬಗ್ಗೆ ಸಂಘದಾಗ ಮಾತಾಡಿದ್ದನ್ನ ಠರಾವು ಪುಸ್ತಕದಾಗ ಬರೀಬೇಕೇನ್ರಿ? ನಾಳೆ ಯಾರರ ತಗದು ನೋಡಿದ್ರ?” ಆಕೆಯ ಹೆದರಿಕೆ ಸುಳ್ಳಲ್ಲ. ಹೊಡೆತ ತಿಂದ ಸೊಸೆಯ ಜೊತೆ ಠಾಣೆಗೆ ಹೋದವರು ಯಾರು, ಯಾರ ಕಟ್ಟೆಯ ಮೇಲೆ ಕೂತು ಮಾತಾಡಿದರು ಎಂದು ಲೆಕ್ಕ ಇಡುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಸರಕಾರವೇ ಹಾಗೆ ಲೆಕ್ಕ ಇಟ್ಟದ್ದೂ ಉಂಟು.

ಬ್ರಿಟಿಷರ ಕಾಲದಲ್ಲಿ ನಾವು ಧಾರವಾಡ ಜಿಲ್ಲೆಯವರು, ಮುಂಬಯಿ ಪ್ರಾಂತದವರು. ಅದೇ ಪ್ರಾಂತದ ಮಹಾಡದಲ್ಲಿ, 1927ರ ಮಾರ್ಚ್‌ನಲ್ಲಿ, ಡಾ. ಅಂಬೇಡ್ಕರ್ ಮತ್ತು ಸಾವಿರಾರು ದಲಿತರು ಚವದಾರ ಕೆರೆಯ ನೀರು ಕುಡಿದರು. ದನಕರು ಕುಡಿಯುವ ನೀರು ಮನುಷ್ಯರಿಗೆ ಇರಲಿಲ್ಲ! ಡಿಸೆಂಬರ್‌ನಲ್ಲಿ ಮತ್ತೆ ಸೇರಿದಾಗ ಹೆಣ್ಣುಮಕ್ಕಳೂ ಬಂದಿದ್ದರು. ಜಾತಿಯ ಗುರುತು ತೋರಿಸುವ ಹಾಗೆ ಸೀರೆ ಉಡಬೇಡಿ, ಹೆಣ್ಣುಮಕ್ಕಳನ್ನು ಓದಿಸಿ ಎಂದು ಅಂಬೇಡ್ಕರ್ ಅವರಿಗೆ ಬೇರೆಯಾಗಿಯೇ ಹೇಳಿದರು.

ಈ ಚಳವಳಿಯ ಮೇಲೆ ಮುಂಬಯಿ ಪೊಲೀಸರ ಕಣ್ಣಿತ್ತು. ಸಭೆ ಎಲ್ಲಿ, ಮಾತಾಡಿದವರು ಯಾರು, ಏನೆಂದರು ಎಂಬುದೆಲ್ಲ ಗುಪ್ತ ವರದಿಯಾಗಿ ಮೇಲಕ್ಕೆ ಹೋಗುತ್ತಿತ್ತು. ತಮಾಷೆ ನೋಡಿ, 1982ರಲ್ಲಿ ಮಹಾರಾಷ್ಟ್ರ ಸರಕಾರ ಅಂಬೇಡ್ಕರ್ ಚಳವಳಿಯ ಆಕರಗಳನ್ನು ಅಚ್ಚು ಹಾಕಿಸಿದಾಗ ಆ ಪೊಲೀಸ್ ವರದಿಗಳೇ ಅದರಲ್ಲಿ ಇತಿಹಾಸವಾಗಿ ಕೂತವು.

ಅಮೆರಿಕದಲ್ಲಿ ಕರಿಯರಿಗೆ ಬಸ್ಸಿನಲ್ಲೂ ಶಾಲೆಯಲ್ಲೂ ಬೇರೆ ಜಾಗ ಇದ್ದ ಕಾಲ. ಅದರ ವಿರುದ್ಧ ನಿಂತ ಮಾರ್ಟಿನ್ ಲೂಥರ್ ಕಿಂಗ್ ಅವರ ಫೋನನ್ನು ಅಲ್ಲಿಯ ಕೇಂದ್ರ ಪೊಲೀಸ್ ಸಂಸ್ಥೆ ಎಫ್‌ಬಿಐ ಕದ್ದು ಕೇಳಿತು, ಅವರು ಉಳಿದ ಹೋಟೆಲುಗಳಲ್ಲಿ ಯಂತ್ರ ಅಡಗಿಸಿಟ್ಟಿತು. 1964ರಲ್ಲಿ ಹೆಸರಿಲ್ಲದ ಒಂದು ಕಾಗದ, ಜೊತೆಗೊಂದು ಟೇಪು ಕಳಿಸಿತು. ಸಾಯುವುದೊಂದೇ ನಿನಗೆ ದಾರಿ ಎಂಬ ಧಾಟಿಯ ಕಾಗದ. ಆ ಪೊಟ್ಟಣ ಒಡೆದವರು ಹೆಂಡತಿ ಕೊರೆಟ್ಟಾ. ಹೋರಾಟ ಮುರಿಯಲು ಸಂಸಾರಕ್ಕೆ ಕೈ ಹಾಕಿದರು. ಈ ಹತಾರ ನಮಗೇನು ಹೊಸದೇ? “ನಿನ್ನ ಮಾನ ಹರಾಜು ಹಾಕ್ತೀನಿ” ಎಂಬ ಮಾತಿಗೆ ಹೆದರಿ ಎಷ್ಟು ಜನ ಕೇಸು ಹಿಂದೆ ತಗೊಂಡಿಲ್ಲ! ಇದು ಎಫ್‌ಬಿಐ ಕೆಲಸವೇ ಎಂದು 1975ರಲ್ಲಿ ಅಲ್ಲಿಯ ಸಂಸತ್ತಿನ ಸಮಿತಿಯ ವಿಚಾರಣೆಯಲ್ಲಿ ಹೊರಬಿತ್ತು.

ಪೊಲೀಸರು ಬರೆದರು, ಸರಿ. ಆದರೆ ಮನೆಯಲ್ಲಿ ಬೈಸಿಕೊಂಡು, ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಸಭೆಗೆ ಬಂದವಳ ಎದೆಯೊಳಗಿನದು ಯಾವ ಗುಪ್ತ ವರದಿಗೆ ಗೊತ್ತು? ಊರ್ಮಿಳಾ ಪವಾರ್ ಮತ್ತು ಮೀನಾಕ್ಷಿ ಮೂನ್ ಆ ಚಳವಳಿಯ ಮುದುಕಿಯರನ್ನು ಹುಡುಕಿ ಹೋಗಿ, ಅವರ ಬಾಯಿಂದಲೇ ಕೇಳಿ, 1989ರಲ್ಲಿ ಮರಾಠಿಯಲ್ಲಿ ಪುಸ್ತಕ ಮಾಡಿದರು. ಅರವತ್ತು ವರ್ಷ ತಡ. ಅಷ್ಟರಲ್ಲಿ ಎಷ್ಟು ಜನ ಹೇಳದೆಯೇ ಹೋಗಿದ್ದರೋ.

ಅದಕ್ಕೇ, ತಂಗೀ, ಬರಿ. ತಾರೀಖು ಹಾಕು. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆದು, ಓದಿ ಹೇಳಿ, ಆಕೆ ಒಪ್ಪಿದರೆ ಮಾತ್ರ ಹೆಸರು ಹಾಕು. ಮತ್ತೆ ಆ ಪುಸ್ತಕ ಟ್ರಂಕಿನಲ್ಲಿ ಕೀಲಿ ಹಾಕಿಡಿ. ಅಧ್ಯಕ್ಷೆಯ ಗಂಡನ ಕೈಗೆ ಮಾತ್ರ ಬೇಡ.