ಮೂಳೆಯೆಷ್ಟು, ಮೇಣವೆಷ್ಟು?

 ಮೈಸೂರಿನ ಅಶೋಕ ರಸ್ತೆಯಲ್ಲಿರುವ ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರಗಳನ್ನು ಕಾಣದ ಮೈಸೂರಿಗರಿಲ್ಲ. ನೆಲಮಾಳಿಗೆಗೆ ಇಳಿದರೆ ಬಾಲೆಯೊಬ್ಬಳು ಮಲಗಿರುವಂತೆ ತೋರುತ್ತದೆ. ಶತಮಾನಗಳಿಂದ ಕೆಡದ ದೇಹವಿರಬಹುದೆಂದು ಹೊಸಬರಿಗೆ ಅನಿಸಿದರೆ ತಪ್ಪೇನಿಲ್ಲ. ಆದರೆ ಅದು ಪ್ರತಿಮೆ. ಮೈಸೂರಿಗೆ ಬಂದದ್ದು ಒಂದು ಅವಶೇಷ ಮಾತ್ರ. 1926ರಲ್ಲಿ ಮಹಾರಾಜರ ಹುಜೂರ್ ಕಾರ್ಯದರ್ಶಿ ತಂಬೂ ಚೆಟ್ಟಿಯವರು ಅದನ್ನು ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಪಡೆದರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಚರ್ಚಿಗೆ ಅಡಿಗಲ್ಲು ಹಾಕಿದರು.

ಆ ಅವಶೇಷ ಯಾರದು?

1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸ್ಸಿಲ್ಲಾ ನೆಲಗೋರಿಗಳಲ್ಲಿ ಎಳೆಯ ಹುಡುಗಿಯ ಮೂಳೆಗಳು ಸಿಕ್ಕವು. ಗೋರಿಯ ಬಾಯಿಗೆ ಮೂರು ಸುಟ್ಟ ಹೆಂಚುಗಳನ್ನು ಮುಚ್ಚಿದ್ದರು. ಎಡದಿಂದ ಓದಿದರೆ ‘ಲುಮೆನಾ’, ‘ಪಾಕ್ಸ್ ತೆ’, ‘ಕುಂ ಫಿ’, ಅರ್ಥವೇ ಆಗದು. ಮೊದಲ ಹೆಂಚನ್ನು ಕೊನೆಗೆ ಇಟ್ಟು ನೋಡಿದಾಗ ‘ನಿನಗೆ ಶಾಂತಿಯಿರಲಿ, ಫಿಲುಮೆನಾ’ ಎಂಬ ಲ್ಯಾಟಿನ್ ವಾಕ್ಯವಾಯಿತು. ಹೆಂಚಿನ ಮೇಲಿನ ಬಾಣ, ಲಂಗರುಗಳ ಚಿತ್ರದಿಂದ ಹುತಾತ್ಮಳ ಕಥೆ ಬೆಳೆಯಿತು. ಒಂದು ಶತಮಾನದ ಬಳಿಕ ಒರಾಜಿಯೊ ಮರೂಕಿ ಎಂಬ ಪುರಾತತ್ತ್ವಜ್ಞರು ಬೇರೆಯೇ ವಿವರಣೆ ಕೊಟ್ಟರು. ಹೆಂಚುಗಳು ಹಿಂದಿನ ಇನ್ನಾವುದೋ ಗೋರಿಯವು, ಅವನ್ನು ಮತ್ತೆ ಬಳಸಿದ್ದರಿಂದಲೇ ಸಾಲು ತಪ್ಪಿದೆ ಎಂದರು. ಅವರ ಮಾತು ನಿಜವಾದರೆ ಹೆಸರು ಒಬ್ಬಳದು, ಮೂಳೆ ಇನ್ನೊಬ್ಬಳದು. ಈ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದರು. 1961ರಲ್ಲಿ ವ್ಯಾಟಿಕನ್ ಆಕೆಯ ಹಬ್ಬವನ್ನು ಎಲ್ಲ ಪಂಚಾಂಗಗಳಿಂದ ಕೈಬಿಟ್ಟಿತು. ಈ ಅನುಮಾನ ನಾಸ್ತಿಕರ ಪಾಳೆಯದಿಂದ ಬಂದದ್ದಲ್ಲ. ಮರೂಕಿ ಕ್ರೈಸ್ತ ಪುರಾತತ್ತ್ವದಲ್ಲೇ ಬದುಕು ಸವೆಸಿದವರು. ಇದನ್ನು ಒತ್ತಿ ಹೇಳಲೇಬೇಕು.

ಕೊಳೆಯದೆ ಉಳಿದ ಮೈಗಳ ಕಥೆಯೂ ಹೀಗೆಯೇ. ಇಟಲಿಯ ಕೊರ್ತೋನಾದಲ್ಲಿ 1297ರಲ್ಲಿ ತೀರಿಕೊಂಡ ಸಂತ ಮಾರ್ಗರೀಟಾ ಅವರ ದೇಹ ದೈವಕೃಪೆಯಿಂದ ಉಳಿದಿದೆಯೆಂದು ಜನ ನಂಬಿದ್ದರು. ರೋಗಶಾಸ್ತ್ರಜ್ಞ ಎಜಿಯೊ ಫುಲ್ಕೇರಿ ಉಡುಪು ಸರಿಸಿ ನೋಡಿದಾಗ ಹೊಟ್ಟೆಯಲ್ಲೂ ತೊಡೆಗಳಲ್ಲೂ ಕೊಯ್ದು ದಾರದಿಂದ ಹೊಲಿದ ಉದ್ದನೆಯ ಗುರುತುಗಳಿದ್ದವು. ಅಂದರೆ ಕರುಳು ತೆಗೆದು, ಮದ್ದು ಹಾಕಿ ಸಂರಕ್ಷಿಸಿದ್ದರು. ಫ್ರಾನ್ಸಿನ ನೆವೇರ್‌ನಲ್ಲಿ ನಿದ್ರಿಸುವಂತೆ ಕಾಣುವ ಸಂತ ಬರ್ನಡೆಟ್ ಅವರ ಮುಖ, ಕೈಗಳಿಗೆ ಮೇಣದ ತೆಳು ಹೊದಿಕೆಯಿದೆ. ಚರ್ಚೂ ಅದನ್ನು ಮುಚ್ಚಿಟ್ಟಿಲ್ಲ.

ಕರ್ನಾಟಕದ ಭಕ್ತರು ಹೆಚ್ಚು ಬಲ್ಲದ್ದು ಗೋವೆಯ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರನ್ನು. 1552ರ ಡಿಸೆಂಬರ್‌ನಲ್ಲಿ ಚೀನಾದ ಶಾಂಗ್‌ಚುವಾನ್ ದ್ವೀಪದಲ್ಲಿ ಅವರು ತೀರಿಕೊಂಡಾಗ ಮಾಂಸ ಬೇಗ ಕರಗಲೆಂದು ಪೆಟ್ಟಿಗೆಗೆ ಸುಣ್ಣ ತುಂಬಿದರು. ತಿಂಗಳುಗಳ ಬಳಿಕ ತೆರೆದರೆ ದೇಹ ಕರಗಿರಲಿಲ್ಲ. ಸುಣ್ಣ ಕೊಳೆಯುವುದನ್ನು ತಡೆಯಲೂಬಹುದು ಎಂಬುದು ಇಂದಿನ ತಿಳಿವಳಿಕೆ. 1614ರಲ್ಲಿ ಬಲಗೈಯ ಒಂದು ಭಾಗ ಕತ್ತರಿಸಿ ರೋಮಿಗೆ ಕಳುಹಿಸಿದರು. 2024ರ ನವೆಂಬರ್‌ನಿಂದ 2025ರ ಜನವರಿಯವರೆಗೆ ಗೋವೆಗೆ ತಂದ ಆ ದೇಹದ ದರ್ಶನಕ್ಕೆ ಹಳೇ ಗೋವೆಯಲ್ಲಿ ಸಾಲುಗಟ್ಟಿ ನಿಂತವರು ಕಂಡದ್ದು ಒಣಗಿ ಸುಕ್ಕಾದ ದೇಹವನ್ನು. ‘ಇಂದಿಗೂ ಮಲಗಿದಂತಿದೆ’ ಎಂದು ಮಕ್ಕಳಿಗೆ ಹೇಳುವುದನ್ನು ಹಿರಿಯರು ಇನ್ನಾದರೂ ಬಿಡಬೇಕು. ಕೇಳುವ ಮಗುವಿಗೆ ಸುಣ್ಣದ ವಿಷಯವನ್ನೂ ಹೇಳಬೇಕು, ಜಪಾನಿನವರೆಗೆ ಹಡಗೇರಿ ಹೋದ ಆ ಮನುಷ್ಯನ ವಿಷಯವನ್ನೂ ಹೇಳಬೇಕು.