ಸೆಲರಿ ಬೆಳೆಯುವ ಮೊದಲು ಕೂತು ಲೆಕ್ಕ ಹಾಕೋಣ

(ತೋಟದ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಆಡಿದ ಮಾತು)



ಕಳೆದ ಕೂಟದಲ್ಲಿ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಅವರು ಇನ್ನು ಕೆಲವೇ ತಿಂಗಳಲ್ಲಿ ತೋಟದ ಕೆಲಸದಿಂದ ನಿವೃತ್ತರಾಗುತ್ತಾರೆ. ಕೈಗೆ ಬರುವ ಗ್ರಾಚ್ಯುಟಿ ಹಣದಲ್ಲಿ ಅರ್ಧ ಎಕರೆ ಗುತ್ತಿಗೆ ಹಿಡಿದು ಸೆಲರಿ ಬೆಳೆಯಬಹುದೇ ಎಂಬುದು ಅವರ ಪ್ರಶ್ನೆ. ಅಂದು ಹೊತ್ತಾಗಿತ್ತು, ಉತ್ತರ ಕೊಡಲಾಗಲಿಲ್ಲ. ಇಂದು ನಮಗೆ ಗೊತ್ತಿರುವುದನ್ನೂ ನಾವು ಎಡವಿದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಸೆಲರಿ ನೋಡಲು ಕೊತ್ತಂಬರಿಯ ದೊಡ್ಡಣ್ಣನ ಹಾಗಿರುತ್ತದೆ. ಕ್ಯಾರೆಟ್ಟೂ ಕೊತ್ತಂಬರಿಯೂ ಅದರ ಬಳಗವೇ. ಪಂಜಾಬಿನಲ್ಲಿ ಅದನ್ನು ಬೀಜಕ್ಕಾಗಿ ಬೆಳೆದು ಮಸಾಲೆಗೆಂದು ಹೊರದೇಶಗಳಿಗೆ ಕಳಿಸುತ್ತಾರೆ. ನಮ್ಮ ನೀಲಗಿರಿಯಲ್ಲಿ ಬೆಳೆಯುವುದು ಅದರ ದಪ್ಪ ಎಲೆತೊಟ್ಟಿಗಾಗಿ. ಅದು ಹೋಗುವುದು ಹೋಟೆಲುಗಳ ಸೂಪಿಗೆ, ಸಲಾಡಿಗೆ. ನಮ್ಮ ಮನೆಯ ಒಲೆಗೆ ಅದು ಬರುವುದಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಗುಂಪಿನ ಆರು ಮನೆಯವರು ಸೇರಿ 25 ಸೆಂಟ್ ಜಾಗ ಗುತ್ತಿಗೆ ಹಿಡಿದೆವು. ಒಬ್ಬ ಏಜೆಂಟ್ ಬಂದು, ಬೆಳೆದಷ್ಟೂ ನಾನೇ ತೆಗೆದುಕೊಳ್ಳುತ್ತೇನೆ ಎಂದಿದ್ದ. ಬಾಯಿಮಾತು, ಚೀಟಿ ಇಲ್ಲ. ಬೆಳೆಯೋಣ ಎಂದು ಉಳಿದವರಿಗೆ ಧೈರ್ಯ ಹೇಳಿದವರು ನಾವೇ.

ಮೊದಲ ತಪ್ಪು ಬೀಜದಲ್ಲಿ. ಸೆಲರಿ ಬೀಜ ಬಹಳ ಸಣ್ಣದು. ಒಂದು ಗ್ರಾಂನಲ್ಲಿ ಸುಮಾರು 2,500 ಬೀಜ ಇರುತ್ತವೆ. ಅದು ಮೊಳೆಯಲು ಬೆಳಕು ಬೇಕು. ನಾವು ಬೀನ್ಸ್ ಬಿತ್ತಿದ ಹಾಗೆ ಮಣ್ಣು ಮುಚ್ಚಿದೆವು. ಹತ್ತು ದಿನವಾದರೂ ಮೊಳಕೆ ಕಾಣಲಿಲ್ಲವೆಂದು ಪಾತಿಯನ್ನು ಕೆದಕಿಯೂ ನೋಡಿದೆವು. ಅದು ಮೊಳೆಯಲು ಎರಡು ಮೂರು ವಾರ ಬೇಕೆಂದು ಆಮೇಲೆ ತಿಳಿಯಿತು. ಬೀಜವನ್ನು ಮೇಲೆ ಉದುರಿಸಿ, ಮೆಲ್ಲಗೆ ಒತ್ತಿ, ತೇವ ಆರದಂತೆ ನೋಡಿಕೊಳ್ಳಬೇಕು. ಸಸಿ ನಾಟಿಗೆ ಬರಲು ಎಂಟರಿಂದ ಹತ್ತು ವಾರ, ನಾಟಿ ಮಾಡಿದ ಮೇಲೆ ಕೊಯ್ಲಿಗೆ ಮೂರು ನಾಲ್ಕು ತಿಂಗಳು. ಅಂದರೆ ಹಾಕಿದ ದುಡ್ಡು ಐದಾರು ತಿಂಗಳು ಮಣ್ಣಿನಲ್ಲೇ ಇರುತ್ತದೆ.

ನಾವು ಎರಡನೆಯ ಸಲ ಬಿತ್ತಿ ಬೆಳೆಸಿದೆವು. ಬೆಳೆ ಚೆನ್ನಾಗಿಯೇ ಬಂತು, ಆದರೆ ತಡವಾಗಿ ಬಂತು. ಏಪ್ರಿಲ್, ಮೇ ತಿಂಗಳ ಪ್ರವಾಸಿಗರ ಸೀಸನ್ ಮುಗಿದಿತ್ತು. ಏಜೆಂಟ್ ಎರಡು ಲೋಡ್ ಎತ್ತಿದ. ಆಮೇಲೆ ಫೋನ್ ಎತ್ತಲಿಲ್ಲ. ಉಳಿದದ್ದನ್ನು ಬಾಡಿಗೆ ಕೊಟ್ಟು ಮೆಟ್ಟುಪಾಳಯದ ಮಂಡಿಗೆ ಸಾಗಿಸಿದೆವು. ಅಲ್ಲಿ ಕ್ಯಾರೆಟ್ಟಿಗೆ, ಆಲೂಗೆಡ್ಡೆಗೆ ಹರಾಜು ಕೂಗುತ್ತಿದ್ದರು. ನಮ್ಮ ಕಟ್ಟುಗಳಿಗೆ ಯಾರೂ ಬಾಯಿ ಬಿಡಲಿಲ್ಲ. ಮನೆಗೆ ತಂದು ಸಾಂಬಾರಿಗೆ ಹಾಕಿದೆವು, ಮಕ್ಕಳು ತಟ್ಟೆಯ ಪಕ್ಕಕ್ಕೆ ಸರಿಸಿದರು. ಕೊನೆಗೆ ದನ ತಿಂದವು. ಆಲೂಗೆಡ್ಡೆ ಮಾರದಿದ್ದರೆ ಬೇಯಿಸಿಕೊಂಡು ತಿಂದೇವು. ಸೆಲರಿ ಮಾರದಿದ್ದರೆ ಹೊಟ್ಟೆಗೂ ಆಗದು, ಕಟ್ಟಿ ಇಡಲೂ ಆಗದು. ನಮ್ಮಲ್ಲಿ ಒಬ್ಬ ತಂಗಿ ಕಿವಿಯೋಲೆ ಅಡ ಇಟ್ಟು ಪಾಲು ಹಾಕಿದ್ದಳು. ಅದನ್ನು ಬಿಡಿಸಿಕೊಡಲು ನಮಗೆ ಎರಡು ವರ್ಷ ಹಿಡಿಯಿತು.

ಆ ಕೊಯ್ಲಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ತೋಳು ಮೇಲಕ್ಕೆ ಮಡಚಿ ಬಿಸಿಲಿನಲ್ಲಿ ಕೊಯ್ದ ಹೆಂಗಸರ ಕೈಗಳು ಒಂದೆರಡು ದಿನದಲ್ಲಿ ಕೆಂಪಾಗಿ, ಸುಟ್ಟಂತೆ ಗುಳ್ಳೆ ಎದ್ದವು. ದೃಷ್ಟಿ ತಗುಲಿತೆಂದು ಕೆಲವರು ಹೇಳಿದರು. ಡಾಕ್ಟರನ್ನು ಕೇಳಿದಾಗ ನಿಜ ತಿಳಿಯಿತು. ಸೆಲರಿಯ ರಸದಲ್ಲಿ ಸೋರಲೆನ್ ಎಂಬ ವಸ್ತುವಿದೆ. ರಸ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಡುತ್ತದೆ. ಕೊಳೆರೋಗ ಹತ್ತಿದ ಗಿಡದಲ್ಲಿ ಅದು ಇನ್ನೂ ಹೆಚ್ಚು. ಅಮೆರಿಕದ ಸೆಲರಿ ಕೊಯ್ಲಿನ ಕೂಲಿಗಳಿಗೆ ಇದೇ ಗುಳ್ಳೆ ಏಳುತ್ತಿದ್ದುದನ್ನು ಅಲ್ಲಿಯ ವೈದ್ಯರು 1961ರಲ್ಲೇ ಬರೆದಿದ್ದಾರೆ. ಆದ್ದರಿಂದ ಉದ್ದ ತೋಳಿನ ಅಂಗಿ, ಕೈಗವಸು ಹಾಕದೆ ಯಾರನ್ನೂ ಕೊಯ್ಲಿಗೆ ಇಳಿಸಬೇಡಿ. ರಸ ತಗುಲಿದ ಕೂಡಲೇ ಸೋಪು ಹಾಕಿ ತೊಳೆಯಲು ಬದುವಿನಲ್ಲಿ ನೀರು ಇಡಿ.

ಇಷ್ಟೆಲ್ಲ ಕೇಳಿದ ಮೇಲೂ ಬೆಳೆಯಬೇಕೆನ್ನುವವರು ಇದ್ದಾರೆ. ಬೇಡವೆನ್ನುವುದಿಲ್ಲ. ಸೆಲರಿಗೆ ನಮ್ಮ ತಂಪು ಹವೆ ಒಗ್ಗುತ್ತದೆ. ಆದರೆ ಹತ್ತು ಡಿಗ್ರಿಗಿಂತ ಕೆಳಗಿನ ಚಳಿ ಹಲವು ದಿನ ಹಿಡಿದರೆ ಗಿಡ ತೊಟ್ಟು ತುಂಬುವ ಮೊದಲೇ ಹೂದಂಟು ಎತ್ತುತ್ತದೆ. ಇಬ್ಬನಿ ಹೆಪ್ಪುಗಟ್ಟುವ ತಗ್ಗಿನಲ್ಲಿ ಡಿಸೆಂಬರ್, ಜನವರಿಗೆ ಬೆಳೆ ಇಡಬೇಡಿ. ನಮ್ಮ ಗುಡ್ಡದ ಮಣ್ಣು ಹುಳಿ; ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಬೇಕು. ಬೇರು ಮೇಲ್ಮೇಲೆ ಇರುವುದರಿಂದ ಒಂದು ವಾರ ನೀರು ತಪ್ಪಿದರೂ ತೊಟ್ಟು ನಾರಾಗುತ್ತದೆ. ಒಮ್ಮೆ ಒಣಗಿಸಿ ಒಮ್ಮೆ ತುಂಬಿಸಿದರೆ ಒಳಸುಳಿ ಕಪ್ಪಾಗಿ ಕೊಳೆಯುತ್ತದೆ. ಎಲೆಚುಕ್ಕೆ ರೋಗ ಬೀಜದಿಂದಲೂ ಬರುತ್ತದೆ, ಒದ್ದೆ ಕೈಯಿಂದಲೂ ಹರಡುತ್ತದೆ. ಮಳೆಯಲ್ಲಿ ಟೀ ಎಲೆ ಕಿತ್ತು ನಮಗೆ ಅಭ್ಯಾಸ. ಸೆಲರಿ ಪಾತಿಗೆ ಮಾತ್ರ ಎಲೆ ಒದ್ದೆಯಾಗಿದ್ದಾಗ ಇಳಿಯಬಾರದು.

ಒಂದು ಮಾತು ಸಂಘದವರಾಗಿ ಹೇಳಬೇಕು. ಕ್ಯಾಲಿಫೋರ್ನಿಯಾದ ಸೊಪ್ಪು, ಸೆಲರಿ ಹೊಲಗಳಲ್ಲಿ ಕೂಲಿಯವರು ಗಿಡ್ಡ ಹಿಡಿಯ ಗುದ್ದಲಿ ಹಿಡಿದು ದಿನವಿಡೀ ಬಗ್ಗಿ ದುಡಿದು ಬೆನ್ನು ಕಳೆದುಕೊಂಡರು. ಅವರು ಹೋರಾಡಿದ ಮೇಲೆ 1975ರಲ್ಲಿ ಆ ಗುದ್ದಲಿಗೆ ನಿಷೇಧ ಬಂತು. ನಾಳೆ ನಾವು ಗುತ್ತಿಗೆ ಹಿಡಿದು ನಾಲ್ಕು ಜನರನ್ನು ಕರೆದರೆ, ಅವರ ಪಾಲಿಗೆ ನಾವೇ ಧಣಿಗಳು. ತೋಟದಲ್ಲಿ ನಮಗೆ ಏನು ಬೇಕೆಂದು ಕೇಳುತ್ತೇವೋ ಅದನ್ನು ಅವರಿಗೂ ಕೊಡಬೇಕು. ಬೆಳೆ ಮಾರಲಿ, ಬಿಡಲಿ, ಅವರ ಕೂಲಿ ಆ ದಿನವೇ ಅವರ ಕೈ ಸೇರಬೇಕು. ಆ ಕೂಲಿಯನ್ನೂ ಖರ್ಚಿನಲ್ಲಿ ಬರೆದುಕೊಳ್ಳಿ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇವೆ. ಅಯ್ಯಾ, ಗ್ರಾಚ್ಯುಟಿ ಎಂದರೆ ದುಡಿದ ಒಂದೊಂದು ವರ್ಷಕ್ಕೆ 15 ದಿನದ ಕೂಲಿಯ ಲೆಕ್ಕ. ನಿಮ್ಮ 30 ವರ್ಷಕ್ಕೆ 450 ದಿನದ ಕೂಲಿ. ಲೈನ್ ಮನೆ ಬಿಟ್ಟ ಮೇಲೆ ತಲೆಯ ಮೇಲೆ ಸೂರು ಕೊಡುವುದು ಆ ಹಣವೇ. ಅದನ್ನು ಹೋಟೆಲಿನವರ ಒಂದು ಸೂಪಿನ ಮೇಲೆ ಪಣ ಇಡಬೇಡಿ. ಮನಸ್ಸಿದ್ದರೆ ನಾಲ್ಕೈದು ಮನೆ ಸೇರಿ ಹತ್ತು ಸೆಂಟ್ ಮಾತ್ರ ಹಿಡಿಯಿರಿ. ಸಾಲಿಗೆ ಎರಡಡಿ, ಗಿಡಕ್ಕೆ ಮುಕ್ಕಾಲಡಿ ಬಿಟ್ಟರೆ ಅಷ್ಟರಲ್ಲೇ ಸುಮಾರು 3,000 ಗಿಡ ಹಿಡಿಯುತ್ತವೆ. ಅದರಲ್ಲೂ ಅರ್ಧಕ್ಕೆ ಕ್ಯಾರೆಟ್, ಬೀನ್ಸ್ ಹಾಕಿ. ಮಾರದಿದ್ದರೆ ಮಕ್ಕಳು ತಿನ್ನಲಿ. ಬೀಜ ಬಿತ್ತುವ ಮೊದಲು ಇಬ್ಬರು ಖರೀದಿದಾರರನ್ನು ಹುಡುಕಿ, ಯಾವ ತಿಂಗಳು, ಎಷ್ಟು ಕಿಲೋ, ಏನು ದರ ಎಂದು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿ. ಸಹಿ ಹಾಕದವನಿಗೆ ಒಂದು ಗಿಡವನ್ನೂ ಬೆಳೆಯಬೇಡಿ.

ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ನೋಡುವ ದೃಷ್ಟಾಂತವನ್ನು ನಾವು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇವೆ. ಆ ವರ್ಷ ನಾವೇ ಅದನ್ನು ಮರೆತೆವು. ನೀವು ಮರೆಯಬೇಡಿ. ಕೂಟ ಮುಗಿದ ಮೇಲೆ ನಮ್ಮ ಹಳೆಯ ಲೆಕ್ಕದ ಪುಸ್ತಕ ಈ ಮೇಜಿನ ಮೇಲೇ ಇರುತ್ತದೆ. ನಷ್ಟದ ಪುಟವೂ ಅದರಲ್ಲಿದೆ. ಬಂದು ನೋಡಿ, ಕೇಳಿ.