ಸಕ್ಕರೆ ಕಾಯಿಲೆಯವರಿಗೆ ಲಕ್ವ ಹೊಡೆದಾಗ ರಕ್ತ ಪರೀಕ್ಷೆ ಏನು ಹೇಳುತ್ತದೆ?

(ರೈತರ ಕೂಟದಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಲಕ್ವ ಹೊಡೆದವರನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮನೆಯವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಅಷ್ಟು ರಕ್ತ ತೆಗೆದುಕೊಂಡಿರಲ್ಲ ಡಾಕ್ಟರೇ, ಅದರಲ್ಲಿ ಏನು ಬಂತು? ಅಪ್ಪ ಮೊದಲಿನ ಹಾಗೆ ನಡೆದಾಡಿಯಾರೆ?" ಸಾಲ ಮಾಡಬೇಕೋ, ಈ ವರ್ಷ ಹೊಲವನ್ನು ಕೋರಿಗೆ ಕೊಡಬೇಕೋ ಎಂಬುದೆಲ್ಲ ಆ ಉತ್ತರದ ಮೇಲೆ ನಿಂತಿರುತ್ತದೆ. ಆದುದರಿಂದ ರಕ್ತ ಪರೀಕ್ಷೆ ಎಷ್ಟು ಹೇಳಬಲ್ಲದು, ಎಷ್ಟು ಹೇಳಲಾರದು ಎಂಬುದನ್ನು ನೀವು ಮೊದಲೇ ತಿಳಿದಿರುವುದು ಒಳ್ಳೆಯದು.

ಲಕ್ವ ಎಂದರೆ ಮಿದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು, ಇಲ್ಲವೆ ಒಡೆಯುವುದು. ಸಕ್ಕರೆ ಕಾಯಿಲೆಯಲ್ಲಿ ನಾಳಗಳು ಒಳಗೊಳಗೇ ಕೆಡುವುದರಿಂದ ಅಂಥವರಿಗೆ ಈ ಅಪಾಯ ಹೆಚ್ಚು.

ರೋಗಿ ಬಂದೊಡನೆ ಮಾಡುವ ಮೊದಲ ಪರೀಕ್ಷೆ ಬೆರಳು ಚುಚ್ಚಿ ಸಕ್ಕರೆ ನೋಡುವುದು. ಇದಕ್ಕೆ ಒಂದು ನಿಮಿಷ ಸಾಕು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟ ಬಿಟ್ಟವರಲ್ಲಿ ಸಕ್ಕರೆ 60ಕ್ಕಿಂತ ಕೆಳಗೆ ಇಳಿದರೆ ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು ಉಂಟು. ನೋಡುವವರಿಗೆ ಅದು ಲಕ್ವದಂತೆಯೇ ಕಾಣುತ್ತದೆ. ಸಕ್ಕರೆ ಏರಿಸಿದರೆ ಸರಿಹೋಗಬಹುದು. ನಾಳ ಕಟ್ಟಿಕೊಂಡ ಲಕ್ವದಲ್ಲಿ ಹೆಪ್ಪು ಕರಗಿಸುವ ಮದ್ದು ಕೊಡುವುದಕ್ಕೆ ಮುಂಚೆ ಎಲ್ಲ ರೋಗಿಗಳಿಗೂ ತಪ್ಪದೆ ನೋಡಬೇಕಾದ ರಕ್ತ ಪರೀಕ್ಷೆಯೂ ಇದೊಂದೇ. ಉಳಿದವುಗಳ ಫಲಿತಾಂಶಕ್ಕಾಗಿ, ವಿಶೇಷ ಕಾರಣವಿಲ್ಲದಿದ್ದರೆ, ಮದ್ದನ್ನು ತಡೆಹಿಡಿಯುವುದಿಲ್ಲ.

ಎರಡನೆಯದು ಎಚ್‌ಬಿಎ1ಸಿ, ನಾವು ಮೂರು ತಿಂಗಳ ಸಕ್ಕರೆ ಎಂದು ಕರೆಯುವ ಪರೀಕ್ಷೆ. ಹೊಲದ ಮೇಲ್ಮಣ್ಣು ನಿನ್ನೆಯ ಮಳೆಯನ್ನು ಹೇಳಿದರೆ, ಮೊಳದುದ್ದ ಕೆಳಗಿನ ಹಸಿ ಇಡೀ ಮಳೆಗಾಲವನ್ನು ಹೇಳುತ್ತದಲ್ಲವೆ? ಹಾಗೆಯೇ ಇದು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ಅದಕ್ಕೆ ಸಕ್ಕರೆ ಅಂಟುತ್ತಿರುತ್ತದೆ. ಈ ಅಂಕೆ 7 ಇದ್ದರೆ ಸರಾಸರಿ ಸಕ್ಕರೆ ಸುಮಾರು 154, 9 ಇದ್ದರೆ ಸುಮಾರು 212 ಎಂದು ಲೆಕ್ಕ. ರಕ್ತಹೀನತೆ ಇರುವವರಲ್ಲಿ ಈ ಲೆಕ್ಕ ತಪ್ಪುವುದುಂಟು. ಆ ಸಂಗತಿಯನ್ನು ವೈದ್ಯರಿಗೆ ತಿಳಿಸಿರಿ.

ಈಗ ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ. ಲಕ್ವ ಹೊಡೆದು ಬಂದಾಗ ಇಬ್ಬರ ಸಕ್ಕರೆಯೂ 240. ಒಬ್ಬರ ಮೂರು ತಿಂಗಳ ಅಂಕೆ 10, ಅಂದರೆ ಅವರ ಸರಾಸರಿಯೇ 240. ಆ ದಿನ ಹೊಸದಾಗಿ ಏನೂ ಏರಿಲ್ಲ. ಇನ್ನೊಬ್ಬರದು ಆರೂವರೆ, ಸರಾಸರಿ 140. ಇವರಿಗೆ ಒಂದೇ ಪೆಟ್ಟಿಗೆ 100 ಏರಿದೆ, ಎಂದರೆ ಮಿದುಳಿಗೆ ಬಿದ್ದ ಪೆಟ್ಟು ಮೈಯನ್ನೆಲ್ಲ ಅಲುಗಿಸಿದೆ. ಹೀಗೆ ವಾಡಿಕೆಯ ಮಟ್ಟಕ್ಕಿಂತ ಬಹಳ ಮೇಲೆ ಹೋದವರಲ್ಲಿ ಚೇತರಿಕೆ ಕಷ್ಟವಾಗುವುದು ಹೆಚ್ಚೆಂದು ಅನೇಕ ಅಧ್ಯಯನಗಳು ಹೇಳಿವೆ. ಹಾಗೆಂದು ಮೊದಲನೆಯವರು ಪಾರಾದರೆಂದಲ್ಲ. ಅವರ ನಾಳಗಳು ತಿಂಗಳುಗಟ್ಟಲೆ ಸವೆದಿವೆ.

ಮೂರನೆಯದು ಸಿ.ಆರ್.ಪಿ. ಇದು ಮೈಯಲ್ಲಿ ಉರಿಯೂತ ಇರುವುದನ್ನು ತೋರಿಸುವ ವಸ್ತು. 1930ರಲ್ಲಿ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಹಿಡಿದದ್ದು. ಲಕ್ವದ ನಂತರ ಇದು ಹೆಚ್ಚಿದ್ದರೆ ಲಕ್ಷಣ ಒಳ್ಳೆಯದಲ್ಲ. ಆದರೆ ಮುಳ್ಳು ಚುಚ್ಚಿ ಕೀವಾದ ಕಾಲಿನಿಂದಲೂ, ಎದೆಯ ಕಫದಿಂದಲೂ, ಉರಿಮೂತ್ರದಿಂದಲೂ ಇದು ಏರುತ್ತದೆ. ಸಕ್ಕರೆಯವರ ಕಾಲಿನ ಹುಣ್ಣು ನಿಮಗೆಲ್ಲ ಗೊತ್ತಿದ್ದದ್ದೇ. ಇನ್ನೂ ಹಲವು ವಸ್ತುಗಳ ಮೇಲೆ ಸಂಶೋಧನೆ ನಡೆದಿದೆ. ರೋಗಿಯ ಮುಂದಿನ ಸ್ಥಿತಿಯನ್ನು ಖಂಡಿತವಾಗಿ ಹೇಳುವ ಒಂದೇ ಪರೀಕ್ಷೆ ಬಂದಿಲ್ಲ. ಪೇಟೆಯಲ್ಲಿ ಲಕ್ವ ತಿಳಿಯುವ 'ಪ್ಯಾಕೇಜು' ಎಂದು ಯಾರಾದರೂ ಹೇಳಿದರೆ ಜೇಬಿಗೆ ಕೈ ಹಾಕುವ ಮುನ್ನ ನಿಮ್ಮ ವೈದ್ಯರನ್ನು ಕೇಳಿರಿ.

ಅಂಕೆಯನ್ನು ಬಲವಂತವಾಗಿ ಇಳಿಸಿದರೆ ರೋಗಿ ಗುಣವಾಗುವರೆ ಎಂದು ಕೇಳಬಹುದು. ಇದನ್ನೂ ಪರೀಕ್ಷಿಸಿದ್ದಾರೆ. ಅಮೆರಿಕದಲ್ಲಿ 1,151 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಶೈನ್ ಎಂಬ ಪ್ರಯೋಗದಲ್ಲಿ ಅರ್ಧದಷ್ಟು ಜನರ ಸಕ್ಕರೆಯನ್ನು ಬಿಗಿಯಾಗಿ 80ರಿಂದ 130ರೊಳಗೆ ಇಡಲು ನೋಡಿದರು. ಉಳಿದವರದನ್ನು 180ರ ಒಳಗೆ. ಬಹುಪಾಲು ರೋಗಿಗಳು ಸಕ್ಕರೆ ಕಾಯಿಲೆಯವರೇ. 90 ದಿನಗಳ ನಂತರ ನೋಡಿದರೆ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಿಗಿ ಮಾಡಿದವರಲ್ಲೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದ ಸಂದರ್ಭಗಳು ಕಂಡವು. ಅಂಕೆ ತಿದ್ದಿದ ಮಾತ್ರಕ್ಕೆ ಆಗಿಹೋದ ಪೆಟ್ಟು ಮಾಯುವುದಿಲ್ಲ.

ಹಾಗಾದರೆ ಈ ಅಂಕೆಗಳ ಪ್ರಯೋಜನವೇನು? ಯಾರನ್ನು ಹೆಚ್ಚು ಎಚ್ಚರದಿಂದ ನೋಡಿಕೊಳ್ಳಬೇಕು, ಮುಂದೆ ಯಾವ ಔಷಧಿ ಕೊಡಬೇಕು ಎಂಬುದಕ್ಕೆ ಅವು ವೈದ್ಯರಿಗೆ ಬೇಕು. ಆದರೆ "ಅಂಕೆ ಕೆಟ್ಟದ್ದು ಬಂದಿದೆ, ಇನ್ನೇನು ಉಳಿದಿದೆ" ಎಂದು ರೋಗಿಯನ್ನು ಅರ್ಧದಲ್ಲೇ ಗಾಡಿಗೆ ಹತ್ತಿಸಿ ಊರಿಗೆ ತರಬೇಡಿ. ಲಕ್ವ ಎಷ್ಟು ದೊಡ್ಡದು, ವಯಸ್ಸೆಷ್ಟು, ಎಷ್ಟು ಬೇಗ ಚಿಕಿತ್ಸೆ ಸಿಕ್ಕಿತು, ಆಮೇಲೆ ಕೈಕಾಲಿಗೆ ವ್ಯಾಯಾಮ ಮಾಡಿಸಿದರೇ ಎಂಬುವು ಚೇತರಿಕೆಯಲ್ಲಿ ಬಹಳ ಮುಖ್ಯ.

ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನು ಮಾಡಿರಿ. ಮನೆಯಲ್ಲಿ ಸಕ್ಕರೆ ನೋಡುವ ಯಂತ್ರವಿದ್ದರೆ, ಗಾಡಿ ಬರುವಷ್ಟರಲ್ಲಿ ನೋಡಿ ಬರೆದುಕೊಳ್ಳಿ. ಬಾಯಿಗೆ ನೀರು, ಕಷಾಯ, ಮಾತ್ರೆ ಏನನ್ನೂ ಹಾಕಬೇಡಿ. ನುಂಗಲಾರದೆ ಶ್ವಾಸಕೋಶಕ್ಕೆ ಇಳಿದೀತು. ಸಕ್ಕರೆ ಕುಸಿದಿರುವುದು ಯಂತ್ರದಲ್ಲಿ ಕಂಡು, ರೋಗಿ ಪೂರ್ಣ ಎಚ್ಚರವಾಗಿದ್ದು ಚೆನ್ನಾಗಿ ನುಂಗುತ್ತಿದ್ದರೆ ಮಾತ್ರ ಸಕ್ಕರೆ ಕೊಡಬಹುದು. ನಾಟಿ ಔಷಧಿಯವರ ಮನೆಗೆ ಮೊದಲು ಹೋಗಿ ಬರುವಷ್ಟು ಸಮಯವಿಲ್ಲ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಿ, ನಾಳ ಒಡೆದಿಲ್ಲವೆಂದು ಖಚಿತವಾಗಬೇಕು. ಆದುದರಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕೆಂದು ಗಾಡಿಯವರಿಗೆ ಹೇಳಿರಿ.

ಹೊರಡುವಾಗ ಹಿಂದಿನ ಎಚ್‌ಬಿಎ1ಸಿ ಚೀಟಿ ಮತ್ತು ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಜೊತೆಗಿರಲಿ. ರೋಗಿಯನ್ನು ಕೊನೆಯ ಸಲ ಸರಿಯಾಗಿದ್ದಂತೆ ಕಂಡದ್ದು ಎಷ್ಟು ಗಂಟೆಗೆ ಎಂಬುದನ್ನು ಒಂದು ಚೀಟಿಯ ಮೇಲೆ ಬರೆದು ತನ್ನಿರಿ. ನಾವು ಕೇಳುವ ಮೊದಲ ಪ್ರಶ್ನೆ ಅದು.